ಒರಿಜಿನಲ್ ರಾಯರು

ಮೈಸೂರಿನ ಹಳೇ ಬಡಾವಣೆಯ ಕಾಂಪೌಂಡಿನೊಳಗೆ ಟಾರ್ಪಾಲು ಹೊದ್ದು ನಿಂತ ಜಾವಾ ಬೈಕು ಕಂಡಿತೆಂದರೆ, ಪಕ್ಕದಲ್ಲೇ ಎಲ್ಲೋ ಒಬ್ಬ ರಾಯರಿರುತ್ತಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರು. ಅವರ ಮನೆಯಲ್ಲಿ ಬಂದವರ ಮುಂದೆ ಕಾಫಿಗಿಂತ ಮೊದಲು ಒಂದು ಡಬ್ಬಿ ಬರುತ್ತದೆ. ಡಬ್ಬಿಯೊಳಗೆ ಎಣ್ಣೆ ಕಾಗದ, ಕಾಗದದೊಳಗೆ ಪಿಸ್ಟನ್.

"ಮುಟ್ಟಬೇಡಿ, ನೋಡಿ ಅಷ್ಟೆ. ಕಂಪನಿ ಮಾಲು. ಸ್ಟ್ಯಾಂಡರ್ಡ್ ಸೈಜು!"

ದೇವರ ಮನೆಯ ಸಾಲಿಗ್ರಾಮಕ್ಕೂ ಇಷ್ಟು ಮಡಿ ಇಲ್ಲ.

ರಾಯರ ಅಭಿಮಾನ ಬರೀ ಹುಚ್ಚೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಜೆಕೊಸ್ಲೊವಾಕಿಯಾದ ಗಾಡಿ ಇಲ್ಲಿ ಊರ ಗಾಡಿಯಾಯಿತು. 1973ರಿಂದ ಅದು ಯೆಜ್ಡಿ, 1996ರಲ್ಲಿ ಕಾರ್ಖಾನೆಗೆ ಬೀಗ. ಬೀಗದ ವಿಷಯ ಎತ್ತಿದರೆ ರಾಯರು ಸಂಜೆಯವರೆಗೆ ಬಿಡುವುದಿಲ್ಲ, ಆದ್ದರಿಂದ ಪಿಸ್ಟನ್ನಿಗೇ ಬರೋಣ.

ಹಳೇ ಜಾವಾ 250ರ ಸಿಲಿಂಡರಿನ (ಮೆಕ್ಯಾನಿಕ್ ಬಾಯಲ್ಲಿ ಬ್ಯಾರಲ್) ಮೂಲ ಅಳತೆ 65 ಮಿಲಿಮೀಟರ್. ಓಡಿ ಓಡಿ ಸವೆದಾಗ ಲೇತಿನವರು ಬೋರ್ ಮಾಡಿ ಕಾಲು ಮಿಲಿಮೀಟರ್ ಹಿಗ್ಗಿಸುತ್ತಾರೆ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ರಾಯರ ಗಾಡಿ ಯಾರ ಯಾರ ಕೈಯಲ್ಲೋ ಮುಕ್ಕಾಲು ಮುಗಿಸಿ ಬಂದದ್ದು. ಪಿಸ್ಟನ್ನಿಗೂ ಗೋಡೆಗೂ ನಡುವೆ ತಲೆಗೂದಲಿನ ದಪ್ಪದಷ್ಟು ಜಾಗ ಬೇಕಾದ ಕಡೆ, ಈ ಸ್ಟ್ಯಾಂಡರ್ಡ್ ಪಿಸ್ಟನ್ ಇಳಿಬಿಟ್ಟರೆ ಮುಕ್ಕಾಲು ಮಿಲಿಮೀಟರ್ ಮೈದಾನ. ಗಡಗಡ ಎನ್ನುತ್ತದೆಯೇ ಹೊರತು ಕಂಪ್ರೆಷನ್ ಬರುವುದಿಲ್ಲ.

ಮೆಕ್ಯಾನಿಕ್ ಇದನ್ನು ಹೇಳಿಯೇ ಹೇಳಿದ. "ಸಾರ್, ಮೊದ್ಲು ಬ್ಯಾರಲ್ ಅಳತೆ ತಗೋಬೇಕು. ಆಮೇಲೆ ಓವರ್‌ಸೈಜ್ ಪಿಸ್ಟನ್ ತರಬೇಕು. ಪಿಸ್ಟನ್ ಕೈಗೆ ಬಂದ್ಮೇಲೆ ಅದಕ್ಕೆ ತಕ್ಕಂಗೆ ಬೋರ್ ಹೊಡೀಬೇಕು. ನೀವು ಅಂಗಡಿಗೆ ಹೋಗಿ ಡಬ್ಬಿ ನೋಡಿ ತಂದಿದೀರ."

ರಾಯರಿಗೆ ತಪ್ಪು ಪಿಸ್ಟನ್ನಿನದು ಅನ್ನಿಸಲಿಲ್ಲ. ಬ್ಯಾರಲ್ ಕುಲಗೆಟ್ಟಿದೆ ಅನ್ನಿಸಿತು. ಅಂದಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಊರೂರ ಗುಜರಿ ಅಂಗಡಿಯವರೆಗೆ, ಬೋರ್ ಆಗದ ಬ್ಯಾರಲ್ಲಿಗೆ ವರಾನ್ವೇಷಣೆ ನಡೆದಿದೆ.

ನಡುವೆ ಒಬ್ಬ ಹಿತೈಷಿ ಬೇರೆ ಯಾವುದೋ ಗಾಡಿಯ ಪಿಸ್ಟನ್ ತಂದುಕೊಟ್ಟ, ಅಳತೆಯೂ ಸರಿ ಇತ್ತು. ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿರುತ್ತವೆ. ರಿಂಗಿನ ತೆರೆದ ಬಾಯಿ ಆ ಕಿಟಕಿಗೆ ಸಿಕ್ಕಿಕೊಳ್ಳದಿರಲಿ ಎಂದು ಪಿಸ್ಟನ್ನಿನ ಗೀರಿನಲ್ಲಿ ಪುಟ್ಟ ಪಿನ್ ಕೂರಿಸಿರುತ್ತಾರೆ. ಆ ಪಿನ್ ಬೇರೆ ಜಾಗದಲ್ಲಿದ್ದರೆ ರಿಂಗ್ ಮುರಿದು ಬ್ಯಾರಲ್ಲನ್ನೇ ಗೀಚಿ ಹಾಕುತ್ತದೆ. ಈ ಒಂದು ಸಲ ರಾಯರು, ಮೆಕ್ಯಾನಿಕ್ ಒಂದೇ ಪಕ್ಷ.

ಆಯಿಲ್ ಸೀಲಿನ ವಿಷಯಕ್ಕೆ ಮತ್ತೆ ಜಗಳ. ರಾಯರ ಬಳಿ ಪೊಟ್ಟಣ ಒಡೆಯದ ಕಂಪನಿ ಸೀಲುಗಳಿವೆ, ವಯಸ್ಸು ಅವರ ಮಗನಷ್ಟು. ಒರಿಜಿನಲ್ ಎಂಬುದರಲ್ಲಿ ಸಂಶಯವಿಲ್ಲ, ರಬ್ಬರು ಒಣಗಿ ಕಲ್ಲಾಗಿದೆ ಎಂಬುದರಲ್ಲೂ ಇಲ್ಲ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೋಣೆಯೂ ಒತ್ತಡ ಹಿಡಿಯಬೇಕು. ಡೈನಮೋ ಕಡೆಯ ಸೀಲ್ ಸೋತರೆ ಹೊರಗಿನ ಗಾಳಿ ಎಳೆದು ಎಂಜಿನ್ ತಾನಾಗಿ ರೇಸ್ ಆಗಿ ಕಾಯುತ್ತದೆ. ಕ್ಲಚ್ ಕಡೆಯದು ಸೋತರೆ ಗೇರ್ ಆಯಿಲ್ ಕುಡಿದು ಎರಡೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ. (ಇರುವ ಒಂದು ಸಿಲಿಂಡರಿಗೆ ಸೈಲೆನ್ಸರ್ ಎರಡು. ಈ ಅದ್ದೂರಿತನವೇ ರಾಯರಂಥವರನ್ನು ಹಾಳುಮಾಡಿದ್ದು.) ಇದಕ್ಕೆ ಹೊಸ ಸೀಲೇ ಸರಿ, ಹೆಸರು ಯಾವುದಿದ್ದರೂ. ಬೇರಿಂಗಿನದೂ ಅದೇ ಕತೆ: ಮೈಮೇಲಿನ ನಂಬರು ನೋಡಿ, ಬಿಸಿಗೆ ಹಿಗ್ಗಲು ಜಾಗವಿರುವ ಸಿ-3 ಕೇಳಿದರೆ ಮುಗಿಯಿತು. ರಾಯರು ಮಾತ್ರ ಬೇರಿಂಗಿನ ಡಬ್ಬಿಯ ಬಣ್ಣ ನೋಡುತ್ತಾರೆ.

ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಅಷ್ಟರೊಳಗೆ ಗಾಡಿ ಓಡಲೇಬೇಕು. ರಾಯರು ಮದುವೆಗೆಂದು ಊರಿಗೆ ಹೋದಾಗ ಮೆಕ್ಯಾನಿಕ್ ಅವರ ಹೆಂಡತಿಯ ಒಪ್ಪಿಗೆ ಪಡೆದು ಹಳೇ ಬ್ಯಾರಲ್ಲನ್ನೇ ಕೊನೇ ಸೈಜಿಗೆ ಬೋರ್ ಹೊಡೆಸಿದ, ಹೊಸ ಪಿಸ್ಟನ್, ಹೊಸ ಸೀಲ್ ಹಾಕಿದ. ಎರಡನೇ ಕಿಕ್ಕಿಗೆ ಗಾಡಿ ಸ್ಟಾರ್ಟ್. ಊರಿಂದ ಬಂದ ರಾಯರು ಗೇಟಿನಲ್ಲೇ ನಿಂತು ಆ ಶಬ್ದ ಕೇಳಿದರು, ಕಣ್ಣು ತುಂಬಿತು, ಕೂಡಲೇ ಫೋನ್ ಬಂತು.

"ಸ್ಟ್ಯಾಂಡರ್ಡ್ ಬ್ಯಾರಲ್ಲಾ? ಬೋರೇ ಆಗಿಲ್ವಾ? ... ಬಿಡಿಯಾಗಿ ಕೊಡಲ್ವಾ? ಗಾಡಿ ಸಮೇತ ಅಂದ್ರೆ ಎಷ್ಟು, ಹೇಳಿ."

ಒಳಗಿನಿಂದ ಹೆಂಡತಿಯ ದನಿ: "ಅದನ್ನೂ ಇಲ್ಲೇ ನಿಲ್ಲಿಸೋದಾದ್ರೆ ನನ್ನ ತುಳಸಿಕಟ್ಟೆ ಎಲ್ಲಿಡ್ತೀರಿ, ಅದನ್ನ ಮೊದ್ಲು ಹೇಳಿ!"