ಕೆಂಪು ಗೆರೆಯ ಪರಂಪರೆ

ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ ಒಂದು ರೂಢಿ ನಿಯಮವಾಗಲು ಸುತ್ತೋಲೆ ಬೇಕಿಲ್ಲ, ಹಿರಿಯರೊಬ್ಬರ ಸಹಿ ಸಾಕು. 2015ರಲ್ಲಿ ಬಿ.ಎಡ್. ಎರಡು ವರ್ಷದ್ದಾಯಿತು, ಪಾಠಯೋಜನೆಯ ಗೆರೆ ಬದಲಾಗಲಿಲ್ಲ. ಹೊಸ ಉಪನ್ಯಾಸಕಿ ಕೇಳುತ್ತಾರೆ:

“ಸಾರ್, ಈ ಕೆಂಪು ಗೆರೆ ಯಾಕೆ?”

“ನಮ್ಮ ಮೇಷ್ಟ್ರು ಹಾಕಿಸ್ತಿದ್ರು.”

“ಅವರಿಗ್ಯಾರು ಹೇಳಿದ್ರು?”

“ಅವರ ಮೇಷ್ಟ್ರು. ನ್ಯಾಕ್ ತಂಡ ಬರುತ್ತೆ ಮೇಡಂ, ಮೊದ್ಲು ಫೈಲಿಗೆ ರಟ್ಟು ಹಾಕ್ಸಿ.”

“ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ನೋಡ್ಕೊಂಡೇ ಬರೀತಾರಲ್ಲ?”

“ಗೆರೆ ನೆಟ್ಟಗಿದೆಯಲ್ಲ!”

ಸಹಿ ಬೀಳುತ್ತದೆ. ಜರ್ಮನ್ ಶಿಕ್ಷಣತಜ್ಞ ಹರ್ಬಾರ್ಟ್ ತೀರಿಕೊಂಡದ್ದು 1841ರಲ್ಲಿ. ಅವರ ಶಿಷ್ಯರು ಕಟ್ಟಿದ ಪಾಠಯೋಜನೆಯ ಐದು ಮೆಟ್ಟಿಲುಗಳಿಗೆ ಇಲ್ಲಿ ಇನ್ನೂ ನಿವೃತ್ತಿಯಿಲ್ಲ. ಕಲಿಯುವವರೇ ಅರಿವು ಕಟ್ಟಿಕೊಳ್ಳಬೇಕೆನ್ನುವ ರಚನಾವಾದದ ಪಾಠವೂ, ಪಾಪ, ಅವನ್ನೇ ಹತ್ತಿ ಬರಬೇಕು. ಎರಡನೇ ವರ್ಷ ಪ್ರಶ್ನೆ ಬರುವುದಿಲ್ಲ. ಮೂರನೇ ವರ್ಷ ಹೊಸಬರಿಗೆ ಕೆಂಪು ಗೆರೆ ಹಾಕಿಸುವವರು ಅದೇ ಉಪನ್ಯಾಸಕಿ.