ಸರ್ಕಾರ ಎಷ್ಟು ದೂರ ಇರಬೇಕು?

2024ರ ಮಾರ್ಚ್. ಅರಸೀಕೆರೆ ಎಪಿಎಂಸಿಯಲ್ಲಿ ಗೌಡ್ರು ಮೇಷ್ಟ್ರಿಗೆ ಉದಾರವಾದ ಬೋಧಿಸುತ್ತಿದ್ದರು.

"ಸರ್ಕಾರ ಅಂದ್ರೆ ಕಾವಲುಗಾರ, ಮೇಷ್ಟ್ರೇ. ಕಳ್ಳರನ್ನ ಹಿಡೀಲಿ, ಬೇರೆ ಉಸಾಬರಿ ಯಾಕೆ?"

"ಮತ್ತೆ ಈ ಸಾಲಲ್ಲಿ ನಿಂತಿದ್ದೀರಿ?"

"ನಾಫೆಡ್ ನೋಂದಣಿ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ ಬರೀ 12,000. ಅನ್ಯಾಯ!"

"ಮಾರುಕಟ್ಟೆಗೇ ಬಿಡಬಹುದಲ್ಲ?"

"ಬೆಲೆ ಬಿದ್ದಾಗ ಮಾರುಕಟ್ಟೆಗೆ ಬುದ್ಧಿ ಇರಲ್ಲ."

(ನೆಲ ಕಚ್ಚಿದ ಬೆಲೆ ಕಂಡ ಯಾರಾದರೂ ಇದನ್ನೇ ಹೇಳುತ್ತಾರೆ, ಬೆಲೆ ಏರಿದಾಗಲೂ ಗೌಡ್ರು ಹೇಳಿದ್ದರೆ ಚೆನ್ನಾಗಿತ್ತು.)

"ಹಳೇಬೀಡಲ್ಲಿ ಮಗನ ಲಾಡ್ಜು?"

"ಅದೇ ನೋಡಿ ದಬ್ಬಾಳಿಕೆ! ದೇವಸ್ಥಾನದಿಂದ 100 ಮೀಟರ್ ಒಳಗೆ ಕಟ್ಟಂಗಿಲ್ಲ, ಅದರಾಚೆ 200 ಮೀಟರ್‌ಗೂ ಅಪ್ಪಣೆ ಬೇಕು. ನನ್ನ ಜಾಗ, ನನ್ನ ಸಿಮೆಂಟು!"

"2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು ಅಂತಲೇ ಅಲ್ವಾ ಲಾಡ್ಜು?"

"ಪ್ರವಾಸಿಗರನ್ನ ಕರ್ಕೊಂಡು ಬರೋದು ಸರ್ಕಾರದ ಕರ್ತವ್ಯ."

"ಅಮ್ಮಾವ್ರು ಕಾಣ್ಲಿಲ್ಲ?"

"ಬೇಲೂರಿಗೆ ಹೋದ್ಲು, ಶಕ್ತಿ ಬಸ್ಸಲ್ಲಿ. ಬಿಟ್ಟಿ ಭಾಗ್ಯದಿಂದ ದೇಶ ಹಾಳಾಯ್ತು ಮೇಷ್ಟ್ರೇ. ಅವಳು ವಾಪಸ್ ಬರ್ಲಿ, ಹೇಳ್ತೀನಿ."

ತೋಟಕ್ಕೆ ನೀರು ಹಾಯಿಸಬೇಕೆಂದು ಗೌಡ್ರು ಹೊರಟರು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಗೌಡ್ರದ್ದು ಏಳೂವರೆ.