ಮಂಚದ ಮೂಲಗೇಣಿ: ಶ್ವಾನಶಯನದ ಕುರಿತು ಒಂದು ಸಂಶೋಧನೆ

ನಾಯಿ ಯಜಮಾನನ ಹಾಸಿಗೆಯಲ್ಲಿ ಮಲಗುವುದು ಪೇಟೆಯವರ ಶೋಕಿ ಎಂಬ ತಪ್ಪು ಕಲ್ಪನೆ ವಿದ್ವಾಂಸರಲ್ಲಿದೆ. ಅದು ಶುದ್ಧಾಂಗ ಭೂಸುಧಾರಣೆಯ ಪ್ರಶ್ನೆ ಎಂಬುದು ನನ್ನ ಸಿದ್ಧಾಂತ. ಕ್ಷೇತ್ರಕಾರ್ಯ ನಡೆದದ್ದು ಬಂಟ್ವಾಳ ತಾಲೂಕಿನ ಮಾಣಿಯಲ್ಲಿ, ನನ್ನದೇ ಮಂಚದ ಮೇಲೆ, ಕರಿಯನೆಂಬ ನಾಯಿಯ ಸಹಕಾರದಿಂದ (ಅಸಹಕಾರ ಎಂದರೂ ನಡೆದೀತು).

ಸ್ಥಳದ ಆಯ್ಕೆ ಆಕಸ್ಮಿಕವಲ್ಲ. ನಾಯಿ, ಯುವಕ, ಇಂದ್ರ ಮೂವರನ್ನೂ ಪಾಣಿನಿ ಒಂದೇ ಸೂತ್ರದಲ್ಲಿ ಕಟ್ಟಿಹಾಕಿದ್ದಾನೆ. ಯುವಕನೆಂದರೆ ನಮ್ಮ ಮಾತಿನಲ್ಲಿ ಮಾಣಿ. ಮಂಗಳೂರಿನ ಹೆದ್ದಾರಿ ಇಲ್ಲಿ ಬೆಂಗಳೂರಿಗೊಂದು, ಪುತ್ತೂರು, ಮಡಿಕೇರಿ ದಾಟಿ ಮೈಸೂರಿಗೊಂದು ಎಂದು ಕವಲೊಡೆಯುತ್ತದೆ; ನಾಯಿಗಳು ಆ ಕವಲಿನಲ್ಲೇ ಮಲಗಿರುತ್ತವೆ. ಇಂದ್ರನ ವಿಷಯ ಆಟಿ ತಿಂಗಳ ಮಳೆ ಕಂಡವರಿಗೆ ಹೇಳಬೇಕಿಲ್ಲ.

ನಾಯಿಗೆಂಥ ಭೂಮಿಯ ಹಕ್ಕು ಎನ್ನುವವರು ಆತಕೂರು ಶಾಸನ ಓದಲಿ. ಗಂಗರ ಬೂತುಗನಿಂದ ಮಣಲೆರ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕ್ರಿ.ಶ. 949-50ರ ಹೊತ್ತಿಗೆ ಕಾಳಿಗೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿಯೂ ಸಿಕ್ಕಿತು. ಧರ್ಮರಾಯನ ನಾಯಿಯನ್ನೂ ಸಾಕ್ಷಿಗೆ ಕರೆಯಬೇಕೆಂದಿದ್ದೆ. ಅತ್ತೆ ಒಪ್ಪಲಿಲ್ಲ: “ಅದರೊಳಗೆ ಇದ್ದದ್ದು ಯಮಧರ್ಮ ಮಾರಾಯ. ಇದರ ಮೈಯಲ್ಲಿರುವುದು ಬರೀ ಉಣುಗು.”

ಅಜ್ಜನ ಕಾಲದಲ್ಲಿ ನಾಯಿಗೆ ಬಚ್ಚಲ ಒಲೆಯ ಬೂದಿಯಲ್ಲಿ ಚಾಲಗೇಣಿ ಮಾತ್ರ ಇತ್ತು, ಏಳೆಂದರೆ ಏಳಬೇಕು. 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯನಾದ. ಏಳನೇ ನಂಬ್ರದ ಫಾರ್ಮಿನಲ್ಲಿ ಡಿಕ್ಲರೇಷನ್ ಹಾಕಿದ ಒಕ್ಕಲುಗಳನ್ನು ಜಗಲಿಯ ಗೋಣಿಯಲ್ಲಿ ಮಲಗಿ ನೋಡಿದ ಶ್ವಾನಕುಲ ಸುಮ್ಮನಿದ್ದೀತೇ?

ಈಗ ಅಳತೆ. ರಾತ್ರಿ ಹತ್ತಕ್ಕೆ ಕರಿಯ ಕಾಲ್ದೆಸೆಯಲ್ಲಿ ಮೂರು ಸುತ್ತು ಬಂದು, ಒದ್ದೆ ಗೋಣಿಯ ವಾಸನೆಯೊಡನೆ ಚಕ್ಕುಲಿಯಾಗುತ್ತದೆ. ಮಂಚದ 24 ಚದರಡಿಯಲ್ಲಿ ಅದರ ಪಾಲು ಎರಡು. ಹನ್ನೆರಡಕ್ಕೆ ನಾಲ್ಕೂ ಕಾಲನ್ನು ಗೋಡೆಗೆ ಕೊಟ್ಟು ಬೆನ್ನಿನಿಂದ ನನ್ನನ್ನು ನೂಕುತ್ತದೆ. ರಾತ್ರೋರಾತ್ರಿ ಗೇಣುದ್ದ ಬೇಲಿ ಜರುಗುವ ವಿದ್ಯಮಾನ ತೋಟದವರಿಗೆ ಹೊಸತಲ್ಲ. ಬೆಳಗಿನ ಜಾವಕ್ಕೆ ತಲೆದಿಂಬು ಕುಮ್ಕಿ. ಕುಮ್ಕಿಯೆಂದರೆ ವರ್ಗ ಜಾಗದ ಪಕ್ಕದ ಸರಕಾರಿ ಗುಡ್ಡೆಯಿಂದ ಸೊಪ್ಪು ಸೌದೆ ತರುವ ಹಕ್ಕು. ಕರಿಯ ದಿಂಬಿನಿಂದ ಹತ್ತಿಯನ್ನೇ ತಂದಿದೆ.

ಗೇಣಿ ಬಾಕಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ನಾಯಿಯ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಒಂದೆರಡು ಹೆಚ್ಚು. ಆಟಿಯ ಥಂಡಿಯಲ್ಲಿ ಆ ಬಿಸಿ ಒಂದು ಮುಡಿ ಅಕ್ಕಿಗೆ ಸಮ.

ಕಳೆದ ವಾರದಿಂದ ನಾನು ಕೆಳಗೆ ಚಾಪೆಯಲ್ಲಿ ಮಲಗುತ್ತಿದ್ದೇನೆ. ನಿನ್ನೆ ರಾತ್ರಿ ಕರೆಂಟು ಹೋಗಿತ್ತು. ಮಂಚದಿಂದ ಏನೋ ದೊಪ್ಪನೆ ಇಳಿದ ಸದ್ದಾಯಿತು. ಆಮೇಲೆ ಚಾಪೆಯ ಅಂಚಿನಲ್ಲಿ ಉಗುರುಗಳ ಪರಪರ: ಒಂದು ಸುತ್ತು, ಎರಡು ಸುತ್ತು.